ಕುಡಿತ ಕಟಕಟೆಗೆ ಬಂದಾಗ

1966ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಪೊಲೀಸರು ಲೀರಾಯ್ ಪೊವೆಲ್ ಎಂಬಾತನನ್ನು ಹಿಡಿದುಕೊಂಡು ಹೋದರು. ಸಾರ್ವಜನಿಕ ಸ್ಥಳದಲ್ಲಿ ಕುಡಿದ ಅಮಲಿನಲ್ಲಿದ್ದ ಎಂಬುದು ಆರೋಪ. ಅವನಿಗೂ ಪೊಲೀಸರಿಗೂ ಅದು ಹೊಸದಲ್ಲ. 1949ರಿಂದೀಚೆಗೆ ಇದೇ ಕಾರಣಕ್ಕೆ ಅವನು ಸುಮಾರು 100 ಸಲ ಸಿಕ್ಕಿಬಿದ್ದಿದ್ದ. ಹೆಂಡದಂಗಡಿಯೊಂದರಲ್ಲಿ ಗಿರಾಕಿಗಳ ಬೂಟಿಗೆ ಪಾಲಿಶ್ ಹಾಕುವುದು ಅವನ ಕೆಲಸ. ವಾರಕ್ಕೆ ಸುಮಾರು 12 ಡಾಲರ್ ಸಂಪಾದನೆ. ಅಷ್ಟನ್ನೂ ವೈನಿಗೆ ಸುರಿಯುತ್ತಿದ್ದ. ಸಂಸಾರಕ್ಕೆ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಅಮಲೇರಿದರೆ ಜಗಳವಿಲ್ಲ, ಹೊಡೆದಾಟವಿಲ್ಲ. ಫುಟ್‌ಪಾತಿನ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದ.

ನಗರದ ಕೆಳ ನ್ಯಾಯಾಲಯ 20 ಡಾಲರ್ ದಂಡ ವಿಧಿಸಿತು. ಹಿಂದೆಲ್ಲ ಅಲ್ಲಿಗೇ ಮುಗಿಯುತ್ತಿದ್ದ ಸಂಗತಿ ಈ ಸಲ ಮುಗಿಯಲಿಲ್ಲ. ಪೊವೆಲ್ ಪರ ವಕೀಲರು ಕೌಂಟಿ ಕೋರ್ಟಿಗೆ ಹೋಗಿ ಬೇರೆಯದೇ ವಾದ ಹೂಡಿದರು. ಈತ ಕುಡಿದದ್ದು ನಿಜ, ಹೊರಗೆ ಸಿಕ್ಕಿಬಿದ್ದದ್ದೂ ನಿಜ. ಆದರೆ ಈತ ರೋಗಿ. ಕುಡಿತವೇ ಈತನ ಕಾಯಿಲೆ, ಬೀದಿಯಲ್ಲಿ ಬೀಳುವುದು ಅದರ ಲಕ್ಷಣ. ರೋಗಲಕ್ಷಣಕ್ಕೆ ಶಿಕ್ಷೆ ಕೊಡುವುದು ಸಂವಿಧಾನ ನಿಷೇಧಿಸಿರುವ ಕ್ರೌರ್ಯ. ಈ ವಾದಕ್ಕೆ ಆಧಾರವೂ ಇತ್ತು. ಮಾದಕವಸ್ತುವಿಗೆ ದಾಸನಾಗಿರುವುದೇ ಅಪರಾಧ ಎನ್ನುತ್ತಿದ್ದ ಕ್ಯಾಲಿಫೋರ್ನಿಯಾದ ಕಾನೂನೊಂದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ರಾಬಿನ್ಸನ್ ಪ್ರಕರಣದಲ್ಲಿ ತಳ್ಳಿಹಾಕಿತ್ತು. ನೆಗಡಿ ಬಂದ ತಪ್ಪಿಗೆ ಒಂದೇ ಒಂದು ದಿನ ಸೆರೆಗೆ ಹಾಕಿದರೂ ಅದು ಕ್ರೂರ ಶಿಕ್ಷೆಯೇ ಎಂದು ನ್ಯಾಯಮೂರ್ತಿಗಳು ಅಲ್ಲಿ ಹೇಳಿದ್ದರು.

ಮನೋವೈದ್ಯ ಡಾ. ಡೇವಿಡ್ ವೇಡ್ ಪೊವೆಲ್ ಪರ ಸಾಕ್ಷಿ ನುಡಿದರು. ಕುಡಿಯಲೇಬೇಕೆಂಬ ಒಳಒತ್ತಡ ಈತನನ್ನು ಆಳುತ್ತಿದೆ, ಒಮ್ಮೆ ಶುರುವಾದರೆ ಕುಡಿತ ಈತನ ಹಿಡಿತದಲ್ಲಿರುವುದಿಲ್ಲ ಎಂದರು. ಹಾಗಾದರೆ ಅಮಲಿಲ್ಲದೆ ನೆಟ್ಟಗಿರುವ ಹೊತ್ತಿನಲ್ಲಿ ಮೊದಲ ಗುಟುಕು ಕುಡಿಯುವುದು ಸ್ವಂತ ಇಚ್ಛೆಯಿಂದಲೇ ಅಲ್ಲವೇ ಎಂಬ ಪ್ರಶ್ನೆ ಬಂತು. ವೈದ್ಯರು ಒಪ್ಪಬೇಕಾಯಿತು: ಇಚ್ಛೆಯೇ ಹೌದು, ಆದರೆ ಆ ಇಚ್ಛೆಯ ಬೆನ್ನಿಗೆ ಬಲವಾದ ಒತ್ತಡವಿದೆ.

ಆಮೇಲೆ ಪೊವೆಲ್‌ನ ಸರದಿ. ಇವತ್ತು ಬೆಳಿಗ್ಗೆ ಕುಡಿದೆಯಾ ಎಂದು ಸರ್ಕಾರಿ ವಕೀಲರು ಕೇಳಿದರು. ಎಂಟು ಗಂಟೆಗೆ ಒಂದು ಸಲ ಕುಡಿದೆ ಎಂದ. ಮತ್ತೆ ಯಾಕೆ ಕುಡಿಯಲಿಲ್ಲ? ಕೋರ್ಟಿಗೆ ಬರಬೇಕಿತ್ತಲ್ಲ. ಹಾಗಾದರೆ ಬೇಕೆಂದಾಗ ನಿಲ್ಲಿಸಬಲ್ಲೆ ಎಂದಾಯಿತು! ಸರ್ಕಾರಿ ವಕೀಲರಿಗೆ ಬೇಕಿದ್ದದ್ದು ಇದೇ ಉತ್ತರ. ಪೊವೆಲ್ ಪರ ವಕೀಲರು ಮತ್ತೆ ಎದ್ದು ನಿಂತು ಇನ್ನೊಂದು ಎಳೆ ಹಿಡಿದರು. ಆ ಒಂದು ಪೆಗ್ಗನ್ನಾದರೂ ನೀನೇ ಕೊಂಡೆಯಾ? ಇಲ್ಲ, ಯಾರೋ ಕೊಟ್ಟರು. ಇನ್ನೊಂದಕ್ಕೆ ನಿನ್ನ ಹತ್ತಿರ ಹಣವಿತ್ತೇ? ಇರಲಿಲ್ಲ. ನೀನು ಒಂದಕ್ಕೇ ನಿಂತದ್ದು ಅದರಿಂದ ತಾನೇ? ಹೌದು.

ಈ ಸಣ್ಣ ಪ್ರಶ್ನೋತ್ತರದಲ್ಲಿ ಇನ್ನೂರು ವರ್ಷಗಳ ಜಿಜ್ಞಾಸೆ ಇಡಿಯಾಗಿ ಅಡಗಿದೆ. ಒಂದಕ್ಕೆ ನಿಂತದ್ದು ಅವನ ಮನಸ್ಸೋ, ಅವನ ಖಾಲಿ ಜೇಬೋ? ಕೌಂಟಿ ನ್ಯಾಯಾಧೀಶರು ಆ ಗೋಜಿಗೇ ಹೋಗಲಿಲ್ಲ. ಕಾಯಿಲೆ ಇದ್ದರೂ ಅದು ಈ ಆರೋಪಕ್ಕೆ ಸಮರ್ಥನೆಯಾಗದು ಎಂದು ಹೇಳಿ ದಂಡವನ್ನು 20ರಿಂದ 50 ಡಾಲರಿಗೆ ಏರಿಸಿದರು. ಪ್ರಕರಣ ನೇರವಾಗಿ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ ಕಾಲಕ್ಕೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಜನರನ್ನು ಬೀದಿಯಲ್ಲಿ ಕುಡಿದಿದ್ದಕ್ಕಾಗಿ ಬಂಧಿಸಲಾಗುತ್ತಿತ್ತು. ದೇಶದ ಒಟ್ಟು ಬಂಧನಗಳಲ್ಲಿ ಅದು ಮೂರನೇ ಒಂದು ಪಾಲು. ಪೊವೆಲ್ ಗೆದ್ದರೆ ಅವರೆಲ್ಲರ ಮುಂದೆ ಲಾಕಪ್ಪಿನ ಬಾಗಿಲು ಮುಚ್ಚಿ ಆಸ್ಪತ್ರೆಯ ಬಾಗಿಲು ತೆರೆಯಬೇಕಾಗುತ್ತಿತ್ತು.

ಆ ಕೋರ್ಟಿನ ತೀರ್ಪಿಗೆ ಹೋಗುವ ಮೊದಲು, ಕುಡುಕನನ್ನು ರೋಗಿ ಎಂದು ಕರೆಯಬಹುದು ಎಂಬ ವಿಚಾರ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1784ರಲ್ಲಿ ಅವನು ರಮ್, ಜಿನ್, ವಿಸ್ಕಿಯಂಥ ಭಟ್ಟಿ ಇಳಿಸಿದ ಮದ್ಯಗಳು ದೇಹ ಮತ್ತು ಮನಸ್ಸಿನ ಮೇಲೆ ಮಾಡುವ ಹಾನಿಯ ಬಗ್ಗೆ ಒಂದು ಕಿರುಪುಸ್ತಿಕೆ ಬರೆದ. ಮುಂದಿನ ಮುದ್ರಣಗಳ ಜೊತೆಗೆ ಥರ್ಮಾಮೀಟರಿನ ಆಕಾರದ ಒಂದು ಚಿತ್ರ ಬಂತು. ಮೇಲ್ತುದಿಯಲ್ಲಿ ನೀರು, ಅದರ ಕೆಳಗೆ ಬಿಯರ್ ಮತ್ತು ವೈನ್. ಅಷ್ಟರವರೆಗೆ ಆರೋಗ್ಯ, ಸಂತೋಷ. ಇನ್ನೂ ಕೆಳಕ್ಕೆ ಇಳಿದರೆ ರಮ್ಮು, ಜಿನ್ನು; ಅವುಗಳ ಪಕ್ಕದಲ್ಲೇ ಬೆಳಗಿನ ಕೈನಡುಕ, ವಾಂತಿ, ಸಾಲ, ಸೆರೆಮನೆ, ಕಟ್ಟಕಡೆಗೆ ನೇಣುಗಂಬ. ಪಾಪ, ರೋಗ, ಶಿಕ್ಷೆ ಮೂರನ್ನೂ ರಶ್ ಒಂದೇ ಚಿತ್ರದಲ್ಲಿ ಬೆರೆಸಿಬಿಟ್ಟಿದ್ದ. ಆ ಬೆರಕೆ ಇವತ್ತಿಗೂ ನಮ್ಮ ತಲೆಯಿಂದ ಪೂರ್ತಿ ಹೋಗಿಲ್ಲ. ಅವನ ಚಿಕಿತ್ಸೆಯ ಬಗೆಯೂ ತಿಳಿಯಬೇಕಾದದ್ದೇ. ರಮ್ಮಿನ ಗೀಳು ಹತ್ತಿದ್ದ ಒಬ್ಬ ಕಪ್ಪು ಮನುಷ್ಯನ ಕೈಗೆ ಸಿಗುವಂತೆ ಅವನು ರಮ್ ಇಟ್ಟ. ಅದರಲ್ಲಿ ವಾಂತಿ ಬರಿಸುವ ಔಷಧಿಯನ್ನು ಗುಟ್ಟಾಗಿ ಬೆರೆಸಿದ್ದ. ಕುಡಿದವನು ಸತ್ತೇಹೋಗುತ್ತೇನೆ ಎನ್ನುವಷ್ಟು ಕಾರಿಕೊಂಡ; ಆಮೇಲೆ ರಮ್ಮಿನ ವಾಸನೆಯೂ ಅವನಿಗೆ ಆಗದಾಯಿತು ಎಂದು ರಶ್ ಬರೆದ. ಕುಡುಕನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ ಎಂದು ನಮ್ಮ ಊರುಗಳ ಗೋಡೆಗಳ ಮೇಲೆ ಕಾಣಿಸುವ ಜಾಹೀರಾತುಗಳಿಗೆ ಇಷ್ಟು ಹಳೆಯ ವಂಶವಿದೆ.

ರಶ್ ಬರೆಯುತ್ತಿದ್ದ ಕಾಲದಲ್ಲೇ ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್ ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ. ನಾವಿಕರಿಗೆ ದಿನದಿನವೂ ರಮ್ಮಿನ ಪಡಿ ಅಳೆದು ಕೊಡುತ್ತಿದ್ದ ಪಡೆ ಅದು. ಕುಡಿತ ಮನುಷ್ಯನನ್ನು ಹೇಗೆ ತಿನ್ನುತ್ತದೆ ಎಂದು ಅವನಷ್ಟು ಹತ್ತಿರದಿಂದ ಕಂಡವರು ಕಡಿಮೆ. 1804ರಲ್ಲಿ ಪ್ರಕಟವಾದ ಅವನ ಗ್ರಂಥ ಕುಡಿತದ ಚಾಳಿಯನ್ನು ಮನಸ್ಸಿನ ಕಾಯಿಲೆ ಎಂದು ನೇರವಾಗಿ ಕರೆಯಿತು. ವೈದ್ಯ ಮೊದಲು ರೋಗಿಯ ವಿಶ್ವಾಸ ಗಳಿಸಬೇಕು, ಅವನ ಸ್ವಭಾವ, ಕಸುಬು, ಕಷ್ಟಗಳನ್ನು ಅರಿಯಬೇಕು. ಬರಿಯ ಔಷಧಿಯಿಂದ ಇದು ಹೋಗುವುದಿಲ್ಲ ಎಂದು ಟ್ರಾಟರ್ ಬರೆದ. ಇವತ್ತಿನ ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮೂರನೆಯವನು ಸ್ವೀಡನ್ನಿನ ಮ್ಯಾಗ್ನಸ್ ಹುಸ್. ಮನೆಮನೆಯಲ್ಲೂ ಭಟ್ಟಿ ಇಳಿಸುತ್ತಿದ್ದ ದೇಶದ ರಾಜಧಾನಿ ಸ್ಟಾಕ್‌ಹೋಮಿನ ಆಸ್ಪತ್ರೆಯಲ್ಲಿ ಅವನು ನೂರಾರು ಕುಡುಕರನ್ನು ಪರೀಕ್ಷಿಸಿದ. ಅವರ ನಡುಗುವ ಕೈ, ಜೋಮು ಹಿಡಿದ ಕಾಲು, ಫಿಟ್ಸು, ಕೆಟ್ಟ ಜಠರ, ಭ್ರಮೆಗಳನ್ನೆಲ್ಲ ದಾಖಲಿಸಿ 1849ರಲ್ಲಿ ಒಂದು ಗ್ರಂಥ ಹೊರತಂದ. ‘ಆಲ್ಕೊಹಾಲಿಸಂ’ ಎಂಬ ಪದ ಹುಟ್ಟಿದ್ದು ಅದರ ಶೀರ್ಷಿಕೆಯಿಂದ. ಹುಸ್ ವಿವರಿಸಿದ್ದು ಕುಡಿತದಿಂದ ದೇಹಕ್ಕೆ ಬರುವ ರೋಗವನ್ನು. ಕುಡಿಯುವ ಹಂಬಲವೇ ಒಂದು ರೋಗವೆಂದು ಅವನು ಸಾಧಿಸಲು ಹೋಗಲಿಲ್ಲ. ಲಿವರ್ ಕೆಟ್ಟವನನ್ನು ರೋಗಿ ಎನ್ನಲು ಯಾರ ತಕರಾರೂ ಇರಲಿಲ್ಲ. ಲಿವರ್ ಕೆಡುವವರೆಗೂ ಅವನು ಯಾಕೆ ಕುಡಿದ ಎನ್ನುವಲ್ಲಿ ಜಗಳ.

ಆ ಜಗಳದಲ್ಲಿ ಮೊದಲು ದನಿಯೆತ್ತಿದವರು ಕುಡುಕರೇ. 1840ರ ಏಪ್ರಿಲಿನಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲಿ ಕೂತಿದ್ದ ಆರು ಮಂದಿ ಗೆಳೆಯರು ಇನ್ನು ಕುಡಿಯುವುದಿಲ್ಲ ಎಂದು ಶಪಥ ಮಾಡಿ ವಾಷಿಂಗ್ಟೋನಿಯನ್ ಸಂಘ ಕಟ್ಟಿದರು. ಒಬ್ಬ ಕುಡುಕ ಇನ್ನೊಬ್ಬನಿಗೆ ತನ್ನ ಕತೆ ಹೇಳಿ ಕೈಹಿಡಿದು ಎತ್ತುವುದು ಅವರ ಪದ್ಧತಿ. ಎರಡು ವರ್ಷದ ಮೇಲೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಸಂಘದ ಸಭೆಗೆ ಭಾಷಣ ಮಾಡಲು ಬಂದವರು ಅಬ್ರಹಾಂ ಲಿಂಕನ್ ಎಂಬ ಎಳೆಯ ವಕೀಲರು. ಕುಡಿತಕ್ಕೆ ಬಲಿಯಾಗದೆ ಉಳಿದ ನಮ್ಮಂಥವರು ಉಳಿದದ್ದು ನಮಗೆ ಆ ಹಂಬಲ ಇಲ್ಲದ್ದರಿಂದ; ನಾವು ಬುದ್ಧಿಯಲ್ಲೋ ಗುಣದಲ್ಲೋ ಅವರಿಗಿಂತ ಮೇಲಾದ್ದರಿಂದಲ್ಲ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ವಿಜ್ಞಾನಿಗಳು ನೂರಾ ಮೂವತ್ತು ವರ್ಷ ಕಳೆದು ಅಂಕಿಸಂಖ್ಯೆಗಳೊಂದಿಗೆ ತೋರಿಸಿದ್ದನ್ನು ಲಿಂಕನ್ ಬರಿಗಣ್ಣಿನಿಂದ ಕಂಡಿದ್ದರು.

ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್ನಿನಲ್ಲಿ ಡಾ. ಜೋಸೆಫ್ ಎಡ್ವರ್ಡ್ ಟರ್ನರ್ ಕುಡುಕರಿಗೆಂದೇ ಕೋಟೆಯಂಥ ಆಸ್ಪತ್ರೆ ಕಟ್ಟಿಸಿ 1864ರಲ್ಲಿ ತೆರೆದರು. ಆದರೆ ಆಡಳಿತ ಮಂಡಳಿಯ ಜೊತೆ ಜಗಳವಾಗಿ ಟರ್ನರೇ ಹೊರಬಿದ್ದರು. ಹದಿನೈದು ಇಪ್ಪತ್ತು ವರ್ಷದೊಳಗೆ ಆ ಕಟ್ಟಡ ಹುಚ್ಚಾಸ್ಪತ್ರೆಯಾಯಿತು. 1870ರಲ್ಲಿ ಇಂಥ ಆಸ್ಪತ್ರೆಗಳ ವೈದ್ಯರು ಸಂಘ ಕಟ್ಟಿಕೊಂಡು, ಅತಿಕುಡಿತ ಒಂದು ರೋಗ ಎಂಬ ಘೋಷಣೆಯನ್ನೇ ತಮ್ಮ ಮೊದಲ ಸೂತ್ರವಾಗಿಸಿಕೊಂಡರು.

ರೋಗ ಎಂದ ಮೇಲೆ ಮದ್ದು ಮಾರುವವರು ಬರದೆ ಇರುತ್ತಾರೆಯೇ? ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಸಣ್ಣ ಊರಿನ ಡಾ. ಲೆಸ್ಲಿ ಕೀಲಿ, ಕುಡಿತ ಒಂದು ರೋಗ, ಅದನ್ನು ನಾನು ಗುಣಪಡಿಸುತ್ತೇನೆ ಎಂದು ಸಾರಿದ. ಅವನ ಔಷಧಿಯ ಹೆಸರಿನಲ್ಲಿ ಚಿನ್ನವಿತ್ತು. ಪರೀಕ್ಷಿಸಿ ನೋಡಿದವರಿಗೆ ಔಷಧಿಯಲ್ಲಿ ಚಿನ್ನ ಸಿಗಲಿಲ್ಲ. ನಾಲ್ಕು ವಾರ ಅಲ್ಲಿದ್ದು ದಿನಕ್ಕೆ ನಾಲ್ಕು ಸಲ ಸಾಲಿನಲ್ಲಿ ನಿಂತು ಸೂಜಿ ಚುಚ್ಚಿಸಿಕೊಳ್ಳಬೇಕು. 1890ರ ದಶಕದಲ್ಲಿ ಅವನ ಶಾಖೆಗಳು ನೂರನ್ನು ದಾಟಿದವು. ಔಷಧಿ ಸುಳ್ಳಾದರೂ ಅಲ್ಲಿಗೆ ಹೋದವರಲ್ಲಿ ಅನೇಕರು ಕುಡಿತ ಬಿಟ್ಟದ್ದು ಸುಳ್ಳಲ್ಲ. ಡ್ವೈಟ್‌ನಲ್ಲಿ ಅವರಿಗೆ ನಾಚಿಕೆ ಇರಲಿಲ್ಲ. ಎಲ್ಲರೂ ಅದೇ ಕಾಯಿಲೆಯವರು. ಸಾಲಿನಲ್ಲಿ ಮುಂದೆ ನಿಂತವನ ಮಾತೇ ಅವರಿಗೆ ಸೂಜಿಗಿಂತ ಹೆಚ್ಚು ಒದಗಿರಬೇಕು ಎಂದು ನನಗನ್ನಿಸುತ್ತದೆ.

1920ರ ಜನವರಿಯಲ್ಲಿ ಅಮೆರಿಕ ಪಾನನಿಷೇಧಕ್ಕೆ ಕಾಲಿಟ್ಟಿತು. ಮದ್ಯವೇ ಇಲ್ಲದ ದೇಶದಲ್ಲಿ ಕುಡುಕರ ಆಸ್ಪತ್ರೆ ಯಾಕೆ ಎಂಬ ತರ್ಕಕ್ಕೆ ಆ ಆಸ್ಪತ್ರೆಗಳೂ ಅವುಗಳ ಜೊತೆಗೆ ರೋಗದ ವಾದವೂ ಮರೆಯಾದವು. 1933ರ ಡಿಸೆಂಬರಿನಲ್ಲಿ ನಿಷೇಧ ತೆರವಾದಾಗ ಕುಡುಕರು ಇದ್ದರು, ಅವರಿಗೆ ಜಾಗ ಇರಲಿಲ್ಲ.

ಅಂಥವರಲ್ಲಿ ಒಬ್ಬರು ಬಿಲ್ ವಿಲ್ಸನ್, ಕುಡಿದು ದಿವಾಳಿಯೆದ್ದ ಷೇರುಪೇಟೆಯ ಮನುಷ್ಯ. 1934ರ ಡಿಸೆಂಬರಿನಲ್ಲಿ ಅವರು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಕೊನೆಯ ಸಲ ದಾಖಲಾದರು. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್, ಇದು ನಿನ್ನ ಮನೋದೌರ್ಬಲ್ಯವಲ್ಲ, ನಿನ್ನ ಮೈಗೆ ಮದ್ಯದ ಅಲರ್ಜಿ ಇದೆ, ಮನಸ್ಸಿಗೆ ಅದರ ಗೀಳಿದೆ ಎಂದು ಬಿಡಿಸಿ ಹೇಳಿದರು. ಅಲರ್ಜಿಯ ಮಾತು ವಿಜ್ಞಾನದ ಮುಂದೆ ನಿಲ್ಲಲಿಲ್ಲ. ಆದರೂ ತಪ್ಪಿತಸ್ಥನೆಂಬ ಭಾರ ಇಳಿದ ಮೇಲೆ ವಿಲ್ಸನ್ ಕುಡಿಯಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಓಹಾಯೋದ ಏಕ್ರನ್ ಪಟ್ಟಣಕ್ಕೆ ವ್ಯವಹಾರದ ಮೇಲೆ ಹೋಗಿ, ವ್ಯವಹಾರ ಕೆಟ್ಟು, ಹೋಟೆಲಿನ ಬಾರಿನ ಸದ್ದು ಕಿವಿಗೆ ಬೀಳುತ್ತಿದ್ದಾಗ ಅವರು ಮಾಡಿದ ಕೆಲಸವೆಂದರೆ ಊರಿನ ಚರ್ಚುಗಳಿಗೆ ಫೋನು ಹಚ್ಚಿ, ಮಾತಾಡಲು ಒಬ್ಬ ಕುಡುಕನನ್ನು ಹುಡುಕಿದ್ದು. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ಭೇಟಿಯಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಹೆಸರು ಹೇಳಿಕೊಳ್ಳದೆ ಸೇರುವ ಆ ಸಭೆಗಳು ಮುಂದೆ ಭಾರತಕ್ಕೂ ಬಂದವು, ಬೆಂಗಳೂರಿನಲ್ಲೂ ನಡೆಯುತ್ತವೆ. ಕುಡಿತವನ್ನು ರೋಗವೆಂದು ಜಗತ್ತಿಗೆ ಕಲಿಸಿದ್ದು ಈ ಸಂಘ ಎಂದು ಎಲ್ಲರೂ ನಂಬುತ್ತಾರೆ. ವಿಲ್ಸನ್ ಮಾತ್ರ ಆ ಶಬ್ದವನ್ನು ಬಳಸಲು ಹಿಂಜರಿಯುತ್ತಿದ್ದರು. ಅಸ್ವಸ್ಥತೆ ಎನ್ನುವುದೇ ಮೇಲು, ರೋಗ ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ ಎನ್ನುತ್ತಿದ್ದರು.

ಆ ಹಿಂಜರಿಕೆ ಮಾರ್ಟಿ ಮ್ಯಾನ್ ಅವರಿಗಿರಲಿಲ್ಲ. ಸಂಘ ಸೇರಿದ ಮೊದಲ ಮಹಿಳೆಯರಲ್ಲಿ ಒಬ್ಬರಾದ ಆಕೆ 1944ರಲ್ಲಿ ರಾಷ್ಟ್ರೀಯ ಪ್ರಚಾರ ಸಮಿತಿಯೊಂದನ್ನು ಕಟ್ಟಿ ಊರೂರು ಸುತ್ತಿದರು. ಮದ್ಯವ್ಯಸನ ಒಂದು ರೋಗ. ವ್ಯಸನಿಯನ್ನು ಗುಣಪಡಿಸಬಹುದು, ಗುಣಪಡಿಸಲು ಅವನು ಯೋಗ್ಯನೂ ಹೌದು. ಇದು ಸಮಾಜದ ಹೊಣೆ. ಈ ಮಾತುಗಳಿಗೆ ವಿಜ್ಞಾನದ ಬೆಂಬಲ ಕೊಟ್ಟವರು ಯೇಲ್ ವಿಶ್ವವಿದ್ಯಾಲಯದ ಇ. ಎಂ. ಜೆಲಿನೆಕ್.

ಆ ಬೆಂಬಲ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ನೋಡಲೇಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಪತ್ರಿಕೆಯಲ್ಲಿ ಸದಸ್ಯರಿಗೆ ಒಂದು ಪ್ರಶ್ನಾವಳಿ ಅಚ್ಚು ಹಾಕಿತ್ತು. ತುಂಬಿ ಕಳಿಸಿದವರು 158 ಮಂದಿ. ಅದರಲ್ಲಿ ಹೆಂಗಸರ ಉತ್ತರಗಳನ್ನೂ ಸರಿಯಾಗಿ ತುಂಬದವನ್ನೂ ತೆಗೆದುಹಾಕಿ ಜೆಲಿನೆಕ್ ಕೊನೆಗೆ ಬಳಸಿಕೊಂಡದ್ದು 98. ಮೊದಲ ಮರೆವು, ಕದ್ದು ಕುಡಿಯುವುದು, ಹಿಡಿತ ತಪ್ಪುವುದು, ಬೆಳಿಗ್ಗೆ ಎದ್ದೊಡನೆ ಕುಡಿಯುವುದು, ಪಾತಾಳ ಮುಟ್ಟುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ರೋಗದ ನಕ್ಷೆ 1946ರಲ್ಲಿ ಸಿದ್ಧವಾದದ್ದು ಈ 98 ಗಂಡಸರ ನೆನಪುಗಳಿಂದ. ಅವರೆಲ್ಲರೂ ಒಂದೇ ಸಂಘದವರು, ಒಂದೇ ರೀತಿ ಕತೆ ಹೇಳಲು ಕಲಿತವರು. ಈ ಮಿತಿಯನ್ನು ಜೆಲಿನೆಕ್ ಆ ಬರಹದಲ್ಲೇ ಹೇಳಿದ್ದರು. ಓದಿದವರು ನಕ್ಷೆಯನ್ನು ಇಟ್ಟುಕೊಂಡರು, ಎಚ್ಚರಿಕೆಯನ್ನು ಬಿಟ್ಟರು. 1960ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಕುಡಿತದ ಐದು ಬಗೆಗಳಿವೆ. ಎಲ್ಲವನ್ನೂ ಅವರು ರೋಗವೆನ್ನಲಿಲ್ಲ. ವೈದ್ಯವೃತ್ತಿ ಯಾವುದನ್ನು ರೋಗವೆಂದು ಒಪ್ಪುತ್ತದೋ ಅದೇ ರೋಗ ಎಂಬ ಪ್ರಾಮಾಣಿಕ ಮಾತೂ ಅಲ್ಲಿದೆ. ಅಷ್ಟರಲ್ಲಿ ಅಮೆರಿಕದ ವೈದ್ಯಸಂಘ 1956ರಲ್ಲೇ ಒಪ್ಪಿಯಾಗಿತ್ತು: ಕುಡುಕರನ್ನು ಆಸ್ಪತ್ರೆಗಳು ಬಾಗಿಲಿನಿಂದಲೇ ಅಟ್ಟಬಾರದು, ಮಿಕ್ಕ ರೋಗಿಗಳಂತೆ ದಾಖಲು ಮಾಡಿಕೊಳ್ಳಬೇಕು. ಮದ್ಯದ ಉದ್ಯಮಕ್ಕೂ ಈ ವಾದ ಅನುಕೂಲವೇ. ದೋಷವಿರುವುದು ಕೆಲವರ ಮೈಯಲ್ಲಿ ಎಂದಾದರೆ ಬಾಟಲಿಯನ್ನು ಯಾರೂ ದೂರುವುದಿಲ್ಲ.

ಪೊವೆಲ್ ವಕೀಲರ ಕೈಯಲ್ಲಿದ್ದದ್ದು ಈ ಇತಿಹಾಸ. 1966ರಲ್ಲಿ ಕೆಳಗಿನ ಫೆಡರಲ್ ನ್ಯಾಯಾಲಯಗಳು ಇದೇ ವಾದವನ್ನು ಎರಡು ಸಲ ಎತ್ತಿಹಿಡಿದಿದ್ದವು. ಅದರಲ್ಲಿ ಒಂದು ನಾರ್ತ್ ಕ್ಯಾರೊಲಿನಾದ ಡ್ರೈವರ್ ಎಂಬಾತನದು. 200ಕ್ಕೂ ಹೆಚ್ಚು ಸಲ ಶಿಕ್ಷೆಯಾಗಿ, ದೊಡ್ಡವನಾದ ಮೇಲಿನ ಬದುಕಿನ ಮೂರನೇ ಎರಡು ಪಾಲನ್ನು ಆತ ಜೈಲಿನಲ್ಲೇ ಕಳೆದಿದ್ದ.

1968ರ ಜೂನ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐದಕ್ಕೆ ನಾಲ್ಕು, ಪೊವೆಲ್ ಸೋತ. ಪ್ರಧಾನ ಅಭಿಪ್ರಾಯ ಬರೆದವರು ಆ ಪೀಠದ ಮೊದಲ ಕಪ್ಪು ನ್ಯಾಯಮೂರ್ತಿ, ಬಡವರ ಪರ ಜೀವಮಾನವಿಡೀ ಹೋರಾಡಿದ್ದ ಥರ್‌ಗುಡ್ ಮಾರ್ಷಲ್. ಅವರ ಕಾರಣಗಳನ್ನು ಸಾವಧಾನವಾಗಿ ಕೇಳಬೇಕು. ಇದು ರೋಗ ಎನ್ನುವ ವೈದ್ಯರಲ್ಲೇ, ರೋಗ ಎಂದರೆ ಏನರ್ಥ ಎಂಬ ಬಗ್ಗೆ ಒಮ್ಮತವಿಲ್ಲ. ಒಪ್ಪಿತವಾದ ಚಿಕಿತ್ಸೆ ಇಲ್ಲ. ಇದ್ದರೂ ಕೊಡಲು ಆಸ್ಪತ್ರೆಗಳಿಲ್ಲ. ಜೈಲಿಗೆ ಹೋದವನಿಗೆ ಹೊರಬರುವ ದಿನವೊಂದು ಗೊತ್ತಿರುತ್ತದೆ. ಚಿಕಿತ್ಸೆಯ ಹೆಸರಿನಲ್ಲಿ ಕೂಡಿಹಾಕಿದರೆ ಅವನು ಗುಣವಾಗುವವರೆಗೆ, ಅಂದರೆ ಯಾವಾಗಲೋ, ಬಿಡುಗಡೆಯಿಲ್ಲ. ಲಾಕಪ್ಪಿಗೆ ಆಸ್ಪತ್ರೆ ಎಂದು ಹೊಸ ಬೋರ್ಡು ತಗುಲಿಸಿದ ಮಾತ್ರಕ್ಕೆ ಏನೂ ಬದಲಾಗದು ಎಂಬ ಅವರ ಆತಂಕ ನಿಜವಾದದ್ದು. ಐದನೆಯ ಮತ ಹಾಕಿದ ನ್ಯಾಯಮೂರ್ತಿ ವೈಟ್ ಇನ್ನೊಂದು ನೆಲೆಯಲ್ಲಿ ನಿಂತರು: ಕುಡಿಯದಿರಲು ಇವನಿಂದ ಆಗದಿರಬಹುದು, ಆದರೆ ಕುಡಿದು ಬೀದಿಗೆ ಬರದಿರಲೂ ಆಗುತ್ತಿರಲಿಲ್ಲ ಎಂದು ಯಾರೂ ಸಾಬೀತು ಮಾಡಿಲ್ಲ. ಮನೆಯಿಲ್ಲದವನ ಪ್ರಕರಣವಾಗಿದ್ದರೆ ತನ್ನ ಮತ ಬೇರೆಯಾಗಬಹುದಿತ್ತು ಎಂಬ ಸೂಚನೆಯನ್ನೂ ಕೊಟ್ಟರು. ಉಳಿದ ನಾಲ್ವರ ಪರವಾಗಿ ನ್ಯಾಯಮೂರ್ತಿ ಫೋರ್ಟಸ್ ಭಿನ್ನಮತ ಬರೆದರು. ತನ್ನಿಂದ ಬದಲಾಯಿಸಲಾಗದ ಸ್ಥಿತಿಗಾಗಿ ಮನುಷ್ಯನನ್ನು ಶಿಕ್ಷಿಸಬಾರದು ಎಂದರು.

ಕೋರ್ಟಿನಲ್ಲಿ ಸೋತ ವಾದ ಎರಡೇ ವರ್ಷದಲ್ಲಿ ಸಂಸತ್ತಿನಲ್ಲಿ ಗೆದ್ದಿತು. ತಾನೂ ಕುಡುಕನಾಗಿದ್ದು ಬಿಟ್ಟವನೆಂದು ಬಹಿರಂಗವಾಗಿ ಹೇಳುತ್ತಿದ್ದ ಅಯೋವಾದ ಸೆನೆಟರ್ ಹೆರಾಲ್ಡ್ ಹ್ಯೂಸ್ ತಂದ ಮಸೂದೆಗೆ 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಸಂಶೋಧನೆಗೆ ರಾಷ್ಟ್ರೀಯ ಸಂಸ್ಥೆ ಬಂತು, ಚಿಕಿತ್ಸೆಗೆ ಹಣ ಬಂತು. ಒಂದೊಂದಾಗಿ ಹಲವು ರಾಜ್ಯಗಳು ಬೀದಿಯಲ್ಲಿ ಕುಡಿದು ಬೀಳುವುದನ್ನು ಅಪರಾಧಗಳ ಪಟ್ಟಿಯಿಂದ ತೆಗೆದವು.

ಹಣ ಬಂದ ಮೇಲೆ ಪ್ರಯೋಗಶಾಲೆಗಳು ಎರಡೂ ಕಡೆಗೆ ಸಾಕ್ಷಿ ಹೇಳತೊಡಗಿದವು. 1973ರಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಪ್ರಕಟಿಸಿದ ಪ್ರಯೋಗ ಇದು: ರುಚಿ ಪರೀಕ್ಷೆ ಎಂಬ ನೆಪದಲ್ಲಿ ವ್ಯಸನಿಗಳ ಮುಂದೆ ಲೋಟಗಳನ್ನಿಟ್ಟರು. ಕೆಲವರಿಗೆ ಇದರಲ್ಲಿ ವೋಡ್ಕಾ ಇದೆ ಎಂದು ಹೇಳಿ ಬರೀ ಟಾನಿಕ್ ನೀರು ಕೊಟ್ಟರು. ಕೆಲವರಿಗೆ ಬರೀ ಟಾನಿಕ್ ಎಂದು ಹೇಳಿ ವೋಡ್ಕಾ ಬೆರೆಸಿ ಕೊಟ್ಟರು. ಹೆಚ್ಚು ಕುಡಿದವರು ವೋಡ್ಕಾ ಸಿಕ್ಕವರಲ್ಲ, ವೋಡ್ಕಾ ಇದೆ ಎಂದು ನಂಬಿದವರು. ಒಂದು ಗುಟುಕು ಒಳಗೆ ಹೋದರೆ ಸಾಕು, ಮೈಯೇ ಮುಂದಿನದನ್ನು ಕೇಳುತ್ತದೆ ಎಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು. ಅದೇ ವರ್ಷ ಡೊನಾಲ್ಡ್ ಗುಡ್ವಿನ್ ತಂಡ ಡೆನ್ಮಾರ್ಕಿನಿಂದ ಎದುರು ಸಾಕ್ಷಿ ತಂದಿತು. ಹುಟ್ಟಿದ ಸ್ವಲ್ಪ ದಿನಕ್ಕೇ ದತ್ತು ಹೋಗಿ, ಹೆತ್ತವರಿಂದ ದೂರ ಬೇರೆಯವರ ಮನೆಗಳಲ್ಲಿ ಬೆಳೆದ ಗಂಡುಮಕ್ಕಳನ್ನು ಅವರು ಹುಡುಕಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದ ಮಕ್ಕಳಲ್ಲಿ ಶೇ 18ರಷ್ಟು ಮಂದಿ ತಾವೂ ವ್ಯಸನಿಗಳಾಗಿದ್ದರು. ಹಾಗಲ್ಲದ ಮಕ್ಕಳಲ್ಲಿ ಶೇ 5. ಕಂಡೇ ಇರದ ಅಪ್ಪನ ಕುಡಿತ ಮಗನಿಗೆ ಬಂದಿತ್ತು. ಶೇ 18 ಅಂದರೆ ಉಳಿದ ಶೇ 82ರಷ್ಟು ಮಕ್ಕಳು ಪಾರಾಗಿದ್ದರು ಎಂಬುದನ್ನೂ ಮರೆಯಬಾರದು.

ಆ ಪಾರಂಪರ್ಯದ ಎಳೆ ಬೆಂಗಳೂರಿಗೂ ಬಂತು. ಕುಡುಕ ತಂದೆಯರ ಎಳೆಯ ಗಂಡುಮಕ್ಕಳ ಮಿದುಳಿನ ಒಂದು ಅಲೆ ಮಿಕ್ಕ ಮಕ್ಕಳದಕ್ಕಿಂತ ತಗ್ಗಾಗಿರುತ್ತದೆ ಎಂದು ಹೆನ್ರಿ ಬೆಗ್ಲೈಟರ್ ನ್ಯೂಯಾರ್ಕಿನಲ್ಲಿ 1984ರಲ್ಲಿ ತೋರಿಸಿದ್ದರು. ತಲೆಗೆ ತಂತಿ ಜೋಡಿಸಿ ಒಂದೇ ಬಗೆಯ ಸದ್ದನ್ನೋ ಚಿತ್ರವನ್ನೋ ಕೊಡುತ್ತಾ, ನಡುನಡುವೆ ಬೇರೆ ಬಗೆಯದನ್ನು ತೂರಿಸಿದಾಗ ಸೆಕೆಂಡಿನ ಮೂರನೇ ಒಂದು ಭಾಗದ ಹೊತ್ತಿಗೆ ಏಳುವ ಅಲೆ ಅದು. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ನಮ್ಮ ಕಡೆಯ ಕುಟುಂಬಗಳಲ್ಲಿ ಇದನ್ನೇ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಮನೆತನದಲ್ಲಿ ಕುಡಿತದ ಹೊರೆ ಹೆಚ್ಚಿದಷ್ಟೂ ಅಲೆಯ ಎತ್ತರ ಕಡಿಮೆ.

ಹೀಗೆ ಒಂದು ಕಡೆ ರಕ್ತ, ಒಂದು ಕಡೆ ನಂಬಿಕೆ. ಇದನ್ನು ಹೆಚ್ಚು ವಿವೇಕದಿಂದ ನಿಭಾಯಿಸಿದವರು ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಅಮೆರಿಕದ ಮಿಲ್ಟನ್ ಗ್ರಾಸ್. ರೋಗ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಕೆಳಗಿಟ್ಟು, 1976ರಲ್ಲಿ ಅವರು ಅವಲಂಬನೆಯ ಲಕ್ಷಣಗಳನ್ನು ವಿವರಿಸಿದರು. ಅದು ಒಬ್ಬನಲ್ಲಿ ಇಷ್ಟು, ಇನ್ನೊಬ್ಬನಲ್ಲಿ ಅಷ್ಟು ಇರುತ್ತದೆ, ಬಿ.ಪಿ. ಇರುವಂತೆ ಏರುತ್ತದೆ, ಇಳಿಯುತ್ತದೆ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಿ 2013ರಿಂದ 11 ಲಕ್ಷಣಗಳ ಪಟ್ಟಿ ಇದೆ. ಎರಡಿದ್ದರೆ ಸೌಮ್ಯ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಕಾನೂನು ಮಾತ್ರ ಇಬ್ಬಂದಿಯಲ್ಲೇ ಉಳಿಯಿತು. 1988ರಲ್ಲಿ ಇಬ್ಬರು ಮಾಜಿ ಸೈನಿಕರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅವರ ಕುಡಿತವನ್ನು ಉದ್ದೇಶಪೂರ್ವಕ ದುರ್ವರ್ತನೆ ಎಂದು ಪರಿಗಣಿಸಿ ಸರ್ಕಾರ ಸೌಲಭ್ಯ ನಿರಾಕರಿಸಿದ್ದನ್ನು ನಾಲ್ಕಕ್ಕೆ ಮೂರು ಮತದಿಂದ ಎತ್ತಿಹಿಡಿಯಿತು.

ಈ ಇತಿಹಾಸವನ್ನು ಓದುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಾಣುತ್ತದೆ. ಕುಡಿತ ರೋಗವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರೆಲ್ಲ, ಆ ಉತ್ತರದ ಖರ್ಚು ಯಾರ ತಲೆಗೆ ಬರುತ್ತದೆ ಎಂದು ನೋಡಿಯೇ ಉತ್ತರ ಕೊಟ್ಟಿದ್ದಾರೆ. 2020ರ ಮಾರ್ಚಿನ ಲಾಕ್‌ಡೌನ್ ಇದನ್ನು ನಮ್ಮ ಮನೆಬಾಗಿಲಲ್ಲೇ ತೋರಿಸಿತು. ರಾತ್ರೋರಾತ್ರಿ ಮದ್ಯದಂಗಡಿಗಳು ಮುಚ್ಚಿದವು. ವರ್ಷಗಟ್ಟಲೆ ದಿನವೂ ಕುಡಿದವನ ಮೈ ಇದ್ದಕ್ಕಿದ್ದಂತೆ ಮದ್ಯ ನಿಂತರೆ ಕೆರಳುತ್ತದೆ. ಮೊದಲ ದಿನ ಕೈನಡುಕ, ಬೆವರು, ನಿದ್ದೆಯಿಲ್ಲದ ರಾತ್ರಿ. ಕೆಲವರಿಗೆ ಫಿಟ್ಸು. ಎರಡು ಮೂರು ದಿನದ ಹೊತ್ತಿಗೆ ಹಾಸಿಗೆಯ ಮೇಲೆ ಹುಳು ಹರಿದಂತೆ, ಗೋಡೆಯ ಆಚೆ ಯಾರೋ ಕರೆದಂತೆ ಆಗುತ್ತದೆ. ದಿಕ್ಕು, ಹೊತ್ತು, ಮನೆಯವರ ಗುರುತು ತಪ್ಪುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆ ವಾರಗಳಲ್ಲಿ ಇಂಥವರು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚು ಸಂಖ್ಯೆಯಲ್ಲಿ ಬಂದರೆಂದು ನಿಮ್ಹಾನ್ಸ್ ವೈದ್ಯರು ದಾಖಲಿಸಿದರು. ಕೇರಳ ಸರ್ಕಾರವಂತೂ ಮಾರ್ಚ್ 30ರಂದು, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಲು ಆದೇಶ ಹೊರಡಿಸಿತು. ಮದ್ಯ ಔಷಧಿಯಲ್ಲ, ಇದಕ್ಕೆ ಔಷಧಿಗಳು ಬೇರೆ ಇವೆ, ನಾವು ಬರೆದುಕೊಡುವುದಿಲ್ಲ ಎಂದು ವೈದ್ಯರು ತಿರುಗಿಬಿದ್ದರು. ಏಪ್ರಿಲ್ 2ರಂದು ಹೈಕೋರ್ಟ್ ಆದೇಶಕ್ಕೆ ತಡೆ ಕೊಟ್ಟಿತು. ಸರ್ಕಾರಕ್ಕೆ ಕುಡುಕ ರೋಗಿಯಾಗಿ ಕಂಡದ್ದು ಅಂಗಡಿ ಮುಚ್ಚಿದಾಗ. ಮೇ 4ರಂದು ಕರ್ನಾಟಕದಲ್ಲಿ ಅಂಗಡಿಗಳು ತೆರೆದಾಗ ಬೆಳಗಿನಿಂದಲೇ ಉದ್ದ ಸಾಲುಗಳು ನಿಂತವು. ಅವನು ಮತ್ತೆ ಬೊಕ್ಕಸ ತುಂಬುವ ಗಿರಾಕಿಯಾದ. ನಮ್ಮ ರಾಜ್ಯದ ವಾರ್ಷಿಕ ಅಬಕಾರಿ ಆದಾಯ ಈಗ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು.

ಭಾರತದ ಕಾನೂನಿನಲ್ಲಿ ಉತ್ತರ ಬರೆದಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ನಿಮ್ಮ ಮನೆಯ ಆರೋಗ್ಯವಿಮೆಯ ಪಾಲಿಸಿಯನ್ನು ತೆರೆದು ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯನ್ನು ಓದಿ. ಮದ್ಯವ್ಯಸನದ ಚಿಕಿತ್ಸೆ ಬಹುತೇಕ ಅಲ್ಲಿರುತ್ತದೆ, ಅದರ ಪರಿಣಾಮಗಳ ಸಹಿತ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಗುತ್ತಿದೆ. 2007ರ ಜುಲೈ 1ರಂದು ಕರ್ನಾಟಕ ಸಾರಾಯಿ ನಿಲ್ಲಿಸಿತು. ಸಾರಾಯಿ ಕುಡಿಯುತ್ತಿದ್ದವರಿಗೆ ಚಿಕಿತ್ಸೆಯ ಜಾಲವನ್ನು ಅದೇ ಹುರುಪಿನಿಂದ ಕಟ್ಟಲಿಲ್ಲ. ಅವರು ಅಗ್ಗದ ಬ್ರಾಂದಿ, ವಿಸ್ಕಿಗೆ ಹೋದರು. ಧರ್ಮಸ್ಥಳದ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಂಥ ಪ್ರಯತ್ನಗಳ ಮೇಲೆಯೇ ಎಷ್ಟೋ ಊರುಗಳು ಇವತ್ತೂ ನಿಂತಿವೆ.

ಕುಡಿತ ರೋಗ ಹೌದು ಎಂದೇ ಈ ಲೇಖಕನ ತೀರ್ಮಾನ. ಅದು ಇಚ್ಛೆಯನ್ನು ಪೂರ್ತಿ ಕಸಿದುಕೊಳ್ಳುವ ರೋಗವಲ್ಲ, ಇಚ್ಛೆಯನ್ನೇ ನಿಧಾನವಾಗಿ ಕೊರೆಯುವ ರೋಗ; ಅದಕ್ಕೇ ಚಿಕಿತ್ಸೆಗೆ ರೋಗಿಯ ಪಾಲುದಾರಿಕೆಯೂ ಬೇಕು, ಮನೆಯವರ ತಾಳ್ಮೆಯೂ ಬೇಕು. ಆ ಮನೆಯಲ್ಲಿ ಏಟು ತಿಂದ ಹೆಂಡತಿ, ಫೀಸು ಕಟ್ಟಲಾಗದ ಮಗು ಇದ್ದಾರೆ. ಗಂಡ ರೋಗಿ ಎಂದ ಮಾತ್ರಕ್ಕೆ ಅವರಿಗಾದ ಅನ್ಯಾಯ ಅನ್ಯಾಯವಲ್ಲದೆ ಹೋಗುವುದಿಲ್ಲ. ಅಬಕಾರಿ ಆದಾಯದ ಒಂದು ಗೊತ್ತಾದ ಪಾಲನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿಗೆಂದೇ ತೆಗೆದಿಡುವಂತೆ, ವಿಮೆಯ ಪಟ್ಟಿಯಿಂದ ಈ ಷರತ್ತನ್ನು ಕಿತ್ತುಹಾಕುವಂತೆ ನಮ್ಮ ಶಾಸಕರನ್ನೂ ಸಂಸದರನ್ನೂ ನಾವು ಕೇಳಬೇಕು. ಮನೆಯಲ್ಲಿ ದಿನವೂ ಕುಡಿಯುವವರು ಬಿಡುತ್ತೇನೆ ಎಂದು ಮನಸ್ಸು ಮಾಡಿದರೆ ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸಬೇಡಿ, ಯಾವುದೋ ಪುಡಿಯನ್ನು ಗುಟ್ಟಾಗಿ ಸಾರಿಗೆ ಬೆರೆಸಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಹಗಲೂ ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಕರೆ ಮಾಡಬಹುದು.